ಅರವತ್ತೆರಡು ರೂಪಾಯಿಯ ಲೆಕ್ಕ

ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ ಅಂತ ನಮ್ಮ ಜಿಲ್ಲೆಯಲ್ಲಿ ಒಂದು ಹಳೇ ಮಾತುಂಟು. ಕುಮಟೆಯಿಂದ ಇಪ್ಪತ್ತೈದು ಕಿಲೋಮೀಟರಿನಷ್ಟು ದೂರ ಇರುವ ಯಾಣಕ್ಕೆ ಸರಿಯಾದ ರಸ್ತೆ ಇಲ್ಲದ ಕಾಲದಲ್ಲಿ ಹುಟ್ಟಿದ ಮಾತು ಅದು. ಕಾಡು ದಾಟಿ, ಹಳ್ಳ ದಾಟಿ, ಇಂಬಳ ಕಚ್ಚಿಸಿಕೊಂಡು ಭೈರವೇಶ್ವರ ಶಿಖರದ ಬುಡಕ್ಕೆ ಹೋಗಿ ನಿಲ್ಲಬೇಕಾದರೆ ಮೈಯಲ್ಲಿ ಸೊಕ್ಕೇ ಬೇಕಾಗಿತ್ತು. ಈಗ ಬಿಡಿ, ವಾಹನ ಹತ್ತಿರದವರೆಗೂ ಹೋಗುತ್ತದೆ. ಶಿವರಾತ್ರಿ ಜಾತ್ರೆಗಂತೂ ಸೊಕ್ಕಿದ್ದವರು, ರೊಕ್ಕಿದ್ದವರು, ಎರಡೂ ಇಲ್ಲದವರು ಎಲ್ಲರೂ ಹೋಗ್ತಾರೆ.

ಮಾತು ಅದಲ್ಲ. ಆ ಬೆಟ್ಟದ ಸುತ್ತಲಿನ ಒಂದು ಕುಟುಂಬದ ವರ್ಷದ ಆದಾಯ ಎಷ್ಟು ಅಂತ ಯಾರಾದರೂ ಪುಸ್ತಕ ಪೆನ್ಸಿಲ್ ಹಿಡಿದು ಕೇಳಲು ಹೋದರೆ ಏನು ಬರೆದುಕೊಳ್ಳಬೇಕು? ಅಡಿಕೆ ಮಾರಿದ ದುಡ್ಡು ಬರೆದುಕೊಳ್ಳಬಹುದು. ಮನೆಯಲ್ಲೇ ಉಂಡ ಅಕ್ಕಿ? ಹಿತ್ತಲಲ್ಲಿ ಕಿತ್ತ ಬಾಳೆಕಾಯಿ? ಕಾಡಿನಿಂದ ತಂದ ಉಪ್ಪಾಗೆ, ಜೇನು, ಅಪ್ಪೆಮಿಡಿ? ಸೊಪ್ಪಿನ ಬೆಟ್ಟದಿಂದ ಹೊತ್ತು ತಂದು ಕೊಟ್ಟಿಗೆಗೆ ಹಾಕಿದ ದರಕು, ಅದರಿಂದಾದ ಗೊಬ್ಬರ, ಆ ಗೊಬ್ಬರ ಉಂಡ ತೋಟ? ಬೆಳಗಿನಿಂದ ರಾತ್ರಿವರೆಗೆ ಮನೆಯ ಹೆಂಗಸು ಮಾಡಿದ ಕೆಲಸ? ಇವುಗಳಲ್ಲಿ ಎಷ್ಟಕ್ಕೆ ಪೇಟೆಯಲ್ಲಿ ದರ ಉಂಟು, ಎಷ್ಟಕ್ಕೆ ಇಲ್ಲ?

ಇದು ಕೆಲಸವಿಲ್ಲದವರ ಪ್ರಶ್ನೆ ಅಂತ ನಗಬೇಡಿ. ಇಡೀ ಹಿಂದುಸ್ಥಾನದ ಬಗ್ಗೆ ಇದೇ ಪ್ರಶ್ನೆ ಹಿಡಿದುಕೊಂಡು ಸುಮಾರು ತೊಂಬತ್ತು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ಲೆಕ್ಕಕ್ಕೆ ಕೂತಿದ್ದ. ಆತನ ಪೂರ್ತಿ ಹೆಸರು ಹೇಳುವಷ್ಟರಲ್ಲಿ ಉಸಿರು ಕಟ್ಟುತ್ತದೆ: ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್. ಲೋಕಕ್ಕೆ ಗೊತ್ತಿರುವುದು ಡಾ. ವಿ.ಕೆ.ಆರ್.ವಿ. ರಾವ್ ಅಂತ.

ಬಹುಮಾನದ ಪ್ರಬಂಧ

ನಮ್ಮ ಕುಮಟೆ, ಹೊನ್ನಾವರ, ಭಟ್ಕಳಗಳ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ ಪ್ರಬಂಧ ಬರೆಯುವುದು ಹೊಸತಲ್ಲ. ಪರೀಕ್ಷೆಗೆ ಒಂದು, ಸ್ಪರ್ಧೆಗೆ ಒಂದು. ಆದರೆ ವಿಷಯ ನೋಡಿದರೆ ಜಾಗತೀಕರಣ, ಹಣದುಬ್ಬರ, ವಿದೇಶಿ ಬಂಡವಾಳ. ಎಲ್ಲ ಆಕಾಶದ್ದೇ. ಕಾಲಬುಡದ್ದು ಯಾರಿಗೂ ಬೇಡ. ಒಂದು ಕಾಲಕ್ಕೆ ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದಲೇ ಹಡಗು ಹತ್ತುತ್ತಿತ್ತು. ಆ ಹತ್ತಿಗೆ ಪರದೇಶದ ಪೇಟೆಯಲ್ಲೂ ಕುಮಟಾ ಹತ್ತಿ ಅಂತಲೇ ಹೆಸರು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿ ರೊಕ್ಕದ ಮಳೆ ಸುರಿಯಿತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದು ಸರಕೆಲ್ಲ ಮರ್ಮಗೋವಾ ಕಡೆ ತಿರುಗಿದ ಮೇಲೆ ಬಂದರು ಬಡವಾಯಿತು. ಒಂದು ಊರು ಏಳುವುದು, ಬೀಳುವುದು ಹೇಗೆ ಅಂತ ತಿಳಿಯಲು ಇದಕ್ಕಿಂತ ಪಾಠ ಬೇಕೇ? ಆದರೂ ಇದರ ಮೇಲೆ ಬರೆಯುವವರು ವಿರಳ.

ವಿದ್ಯಾರ್ಥಿಯ ಪ್ರಬಂಧವನ್ನು ಹಗುರ ಮಾಡುವ ಹಾಗಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಆಡಂ ಸ್ಮಿತ್ ಹೆಸರಿನ ಬಹುಮಾನ ಉಂಟು. ಜಾನ್ ಮೇನಾರ್ಡ್ ಕೇನ್ಸ್ ಎಂಬಾತ 1909ರಲ್ಲಿ ಬೆಲೆ ಸೂಚ್ಯಂಕಗಳ ಬಗ್ಗೆ ಪ್ರಬಂಧ ಬರೆದು ಅದನ್ನು ಗೆದ್ದ. ಮುಂದೆ ಅರ್ಧ ಪ್ರಪಂಚದ ಸರಕಾರಗಳು ಅವನ ಮಾತಿನಂತೆ ಖರ್ಚು ಮಾಡಲು ಕಲಿತವು. 1956ರಲ್ಲಿ ಅದೇ ಬಹುಮಾನ ಪಡೆದ ಪಂಜಾಬಿನ ಹುಡುಗ ಮನಮೋಹನ ಸಿಂಗ್. ಆತ ಏನಾದರು ಎಂಬುದನ್ನು ಹೇಳಬೇಕಾಗಿಲ್ಲ. ನಮ್ಮಲ್ಲೂ ವಿ.ಕೆ.ಆರ್.ವಿ. ರಾವ್ ಅವರ ಹೆಸರಿನಲ್ಲಿ ಒಂದು ಪ್ರಶಸ್ತಿ ಇದೆ. ಅದು ಕಾಲೇಜು ಹುಡುಗರ ಪ್ರಬಂಧಕ್ಕಲ್ಲ, ಅದೇ ದಾರಿಯಲ್ಲಿ ಮುಂದೆ ನಡೆದ ಯುವ ಸಮಾಜವಿಜ್ಞಾನಿಗಳ ಸಂಶೋಧನೆಗೆ. ಇಂಥವರ ಹೆಸರು ಪ್ರಶಸ್ತಿಗೆ ಯಾಕೆ ಬಂತು ಎಂಬುದಕ್ಕೆ ಅವರ ವಿದ್ಯಾರ್ಥಿ ಜೀವನವೇ ಉತ್ತರ.

ರಾವ್ ಹುಟ್ಟಿದ್ದು 1908ರ ಜುಲೈ 8ರಂದು, ಕಂಚಿಯಲ್ಲಿ. ಶಾಲೆ ತಿಂಡಿವನದ ಮಿಷನ್ ಶಾಲೆ. ಕಾಲೇಜಿಗೆ ಮುಂಬಯಿಗೆ ಬಂದು ವಿಲ್ಸನ್ ಕಾಲೇಜು ಸೇರಿದರು. ಆಗ ನಮ್ಮ ಜಿಲ್ಲೆಯೂ ಮುಂಬಯಿ ಇಲಾಖೆಗೇ ಸೇರಿತ್ತು. ಇಲ್ಲಿನ ಹುಡುಗರು ಬಿ.ಎ. ಮಾಡಬೇಕಾದರೂ ಮುಂಬಯಿ ವಿಶ್ವವಿದ್ಯಾಲಯವೇ ಗತಿ. ಎಂ.ಎ. ಮುಗಿಸಿದ ರಾವ್ 1931ರಲ್ಲಿ, ಅಂದರೆ ಬರೇ ಇಪ್ಪತ್ಮೂರು ವರ್ಷಕ್ಕೆ, ಭಾರತದ ಆದಾಯ ತೆರಿಗೆಯ ಬಗ್ಗೆ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು. ತೆರಿಗೆ ಎಂದರೆ ಯಾರಿಗೂ ಸೇರದ ವಿಷಯ. ಅದರಲ್ಲೂ ಆಗ ಆದಾಯ ತೆರಿಗೆ ಕೊಡುವವರು ದೇಶದಲ್ಲಿ ಬೆರಳೆಣಿಕೆ. ಆದರೆ ಆ ಪುಸ್ತಕ ಬರೆಯುವಾಗಲೇ ಈತನಿಗೆ ಒಂದು ಅಂಶ ತಲೆಗೆ ಹೊಕ್ಕಿರಬೇಕು: ತೆರಿಗೆಯ ದಫ್ತರದಲ್ಲಿ ಕಾಣುವವರು ಕೆಲವರು, ಕಾಣದವರು ಕೋಟಿಗಟ್ಟಲೆ. ಈ ಕಾಣದವರ ಗಳಿಕೆ ಎಷ್ಟು?

ಅಲ್ಲಿಂದ ಕೇಂಬ್ರಿಜ್. ಗಾನ್‌ವಿಲ್ ಆಂಡ್ ಕೀಸ್ ಕಾಲೇಜು. ಕೇನ್ಸ್ ಮಹಾಶಯ ಪಾಠ ಹೇಳುತ್ತಿದ್ದ ಕಾಲ, ಜಗತ್ತಿಗೆಲ್ಲ ದೊಡ್ಡ ಮುಗ್ಗಟ್ಟು ಬಡಿದ ಕಾಲ. ರಾವ್ ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ 1931-32ನೇ ಸಾಲಿನ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯ.

ಮೂರಾಣೆಗೂ ಕಮ್ಮಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ದೇಶದ ಆದಾಯದ ಲೆಕ್ಕ ಹಾಕಿದವರಲ್ಲಿ ರಾವ್ ಮೊದಲಿಗರಲ್ಲ. ದಾದಾಭಾಯಿ ನವರೋಜಿ 1867-68ರ ಸಾಲಿಗೆ ಲೆಕ್ಕ ಹಾಕಿ ತಲೆಗೆ 20 ರೂಪಾಯಿ ಅಂತ ತೋರಿಸಿದ್ದರು. ವಿಲಿಯಂ ಡಿಗ್ಬಿ ಎಂಬ ಭಾರತಪಕ್ಷಪಾತಿ ಇಂಗ್ಲಿಷಿನವ ಆ ಶತಮಾನದ ಕೊನೆಗೆ 18 ಅಂದ. ವೈಸರಾಯ್ ಕರ್ಜನ್ ಸಾಹೇಬರು 1901ರಲ್ಲಿ ಛೇ ಛೇ 30 ಅಂದರು. ಬಡತನ ತೋರಿಸಬೇಕಾದವನಿಗೆ ಕಡಿಮೆ ಅಂಕಿ ಬೇಕು, ಆಳುವವನಿಗೆ ಜಾಸ್ತಿ ಅಂಕಿ ಬೇಕು. ಕೋರ್ಟಿನ ಎರಡು ಕಡೆ ವಕೀಲರ ಹಾಗೆ ಅಂಕಿಗಳೂ ಜಗಳಕ್ಕೆ ನಿಂತಿದ್ದವು. ದಾದಾಭಾಯಿಯವರ ಲೆಕ್ಕ ಧೈರ್ಯದ್ದು ನಿಜ. ಆದರೆ ಅದರಲ್ಲಿ ಬೆಳೆ, ಸರಕು ಮುಂತಾದ ವಸ್ತುಗಳಿಗೆ ಮಾತ್ರ ಜಾಗ. ಮಾಸ್ತರ, ಕ್ಷೌರಿಕ, ಗಾಡಿಯವ, ವಕೀಲ ಇವರ ದುಡಿಮೆ ಲೆಕ್ಕಕ್ಕೇ ಬರಲಿಲ್ಲ.

ರಾವ್ ಬೇರೆ ಹಾದಿ ಹಿಡಿದರು. ಒಂದೇ ಅಳತೆಗೋಲಿನಿಂದ ಇಡೀ ದೇಶ ಅಳೆಯಲು ಹೋಗಲಿಲ್ಲ. ಬೇಸಾಯ, ದನಕರು, ಕಾಡು, ಮೀನು, ಗಣಿ ಇಂಥವಕ್ಕೆ ಹುಟ್ಟುವಳಿಯ ಲೆಕ್ಕ: ಎಷ್ಟು ಬೆಳೆಯಿತು, ಅದಕ್ಕೇನು ದರ, ಅದರಲ್ಲಿ ಬೀಜ ಗೊಬ್ಬರಕ್ಕೆ ಹೋದದ್ದೆಷ್ಟು. ಕೈಗಾರಿಕೆ, ವ್ಯಾಪಾರ, ನೌಕರಿ, ಸೇವೆ ಇಂಥವಕ್ಕೆ ಗಳಿಕೆಯ ಲೆಕ್ಕ: ಎಷ್ಟು ಜನ ಆ ಕಸುಬಿನಲ್ಲಿದ್ದಾರೆ, ತಲಾ ಎಷ್ಟು ದುಡಿಯುತ್ತಾರೆ. ಜನರ ಲೆಕ್ಕ 1931ರ ಜನಗಣತಿಯಿಂದ ಸಿಕ್ಕಿತು. ಮೇಲಿನ ತರಗತಿಯವರ ಗಳಿಕೆ ಆದಾಯ ತೆರಿಗೆಯ ದಫ್ತರದಿಂದ ಸಿಕ್ಕಿತು. ಹಳೇ ಪುಸ್ತಕ ಇಲ್ಲಿ ಕೆಲಸಕ್ಕೆ ಬಂತು ನೋಡಿ. ಸರಕಾರಿ ಅಂಕಿ ಸಿಗದ ಕಡೆ ತಾವೇ ಸಣ್ಣ ಸಣ್ಣ ವಿಚಾರಣೆ ನಡೆಸಿ ತುಂಬಿಕೊಂಡರು.

ಹೀಗೆ ಹೇಳಿದರೆ ಸಲೀಸು ಅನಿಸುತ್ತದೆ. ಆ ಕಾಲದ ಬೆಳೆಯ ಅಂಕಿ ಎಲ್ಲಿಂದ ಬರುತ್ತಿತ್ತು ಗೊತ್ತುಂಟಲ್ಲ? ಊರ ಶಾನಭೋಗರ ಆಣೆವಾರಿಯಿಂದ. ಪೂರ್ತಿ ಬೆಳೆ ಎಂದರೆ ಹದಿನಾರಾಣೆ. ಈ ವರ್ಷ ಮಳೆ ಕೈಕೊಟ್ಟಿದೆ, ಹತ್ತಾಣೆ ಬರೆಯಿರಿ ಅಂತ ಗದ್ದೆಯ ಹಾಳಿ ಮೇಲೆ ನಿಂತು ಕಣ್ಣಳತೆಯಲ್ಲೇ ತೀರ್ಮಾನ. ಆಣೆ ಕಡಿಮೆಯಾದರೆ ಕಂದಾಯದಲ್ಲಿ ರಿಯಾಯ್ತಿ, ಜಾಸ್ತಿಯಾದರೆ ವಸೂಲಿ. ಅಂದಮೇಲೆ ಆ ಅಂಕಿಯನ್ನು ಎಷ್ಟು ನಂಬಬೇಕು ಅಂತ ಕುಮಟೆಯ ಯಾವ ಹಳೇ ರೈತನೂ ಹೇಳಿಯಾನು. ಇಂಥ ಸಾವಿರಾರು ಆಣೆವಾರಿಗಳ ಗುಡ್ಡೆಯ ಮೇಲೆ ಕೂತು ದೇಶದ ಆದಾಯ ಹೇಳಬೇಕು. ರಾವ್ ಹೇಳಿದರು. ಆದರೆ ಅಂಕಿಯ ಪಕ್ಕದಲ್ಲೇ ಇದರಲ್ಲಿ ಇಷ್ಟು ಹೆಚ್ಚುಕಮ್ಮಿ ಇರಬಹುದು ಅಂತ ತಪ್ಪಿನ ಅಂದಾಜನ್ನೂ ಬರೆದಿಟ್ಟರು. ದೊಡ್ಡತನ ಇರುವುದು ಅಲ್ಲಿ. ಕರ್ಜನ್ ಸಾಹೇಬರ ಮೂವತ್ತರ ಪಕ್ಕದಲ್ಲಿ ಅಂಥದ್ದೇನೂ ಇರಲಿಲ್ಲ.

ಅವರಿಗೆ ಸಿಕ್ಕಿದ ಉತ್ತರ: 1931-32ರಲ್ಲಿ ತಲೆಗೆ 62 ರೂಪಾಯಿ. ತಿಂಗಳಿಗಲ್ಲ, ವರ್ಷಕ್ಕೆ. ತಿಂಗಳಿಗೆ ಐದು ರೂಪಾಯಿ ಎರಡಾಣೆ ಚಿಲ್ಲರೆ. ದಿನಕ್ಕೆ ಮೂರಾಣೆಗೂ ಕಮ್ಮಿ. ಇದು ಸರಾಸರಿ ಎಂಬುದನ್ನು ಮರೆಯಬಾರದು. ಜಹಗೀರುದಾರನೂ ಅದರಲ್ಲಿದ್ದಾನೆ, ಗೇಣಿ ಒಕ್ಕಲೂ ಅದರಲ್ಲಿದ್ದಾನೆ.

ಆ ಸಾಲು ನಮ್ಮ ಜಿಲ್ಲೆಗೆ ಎಂಥದ್ದು ಎಂಬುದನ್ನು ಹಿರಿಯರಿಂದ ಕೇಳಿದವರು ಇದ್ದಾರೆ. ಮುಗ್ಗಟ್ಟಿಗೆ ಸಿಕ್ಕಿ ಬೆಳೆಯ ದರ ಪಾತಾಳಕ್ಕೆ ಇಳಿದಿತ್ತು, ಕಂದಾಯ ಮಾತ್ರ ಇಳಿಯಲಿಲ್ಲ. ಅಂಕೋಲಾ, ಸಿದ್ದಾಪುರ ಸೀಮೆಯಲ್ಲಿ ರೈತರು ಕಂದಾಯ ಕೊಡುವುದಿಲ್ಲ ಅಂತ ಎದ್ದು ನಿಂತರು. ಜಮೀನು ಜಪ್ತಿಯಾಯಿತು, ಪಾತ್ರೆಪಗಡ ಹರಾಜಾಯಿತು, ಗಂಡಸರು ಹೆಂಗಸರು ಜೈಲು ಕಂಡರು. ಸ್ವಾತಂತ್ರ್ಯ ಹೋರಾಟ ಅಂತ ಅದನ್ನು ನೆನೆಯುತ್ತೇವೆ, ನೆನೆಯಬೇಕಾದ್ದೇ. ಅದರ ಹಿಂದಿನ ರೊಕ್ಕದ ಲೆಕ್ಕ ಸಾವಿರಾರು ಮೈಲಿ ದೂರದಲ್ಲಿ ಕೂತ ಒಬ್ಬ ವಿದ್ಯಾರ್ಥಿಯ ಕಾಗದದಲ್ಲಿ ಬೀಳುತ್ತಿತ್ತು. 1925ರಿಂದ 29ರವರೆಗಿನ ಸಾಲುಗಳಿಗೂ ರಾವ್ ಬೇರೆ ಲೆಕ್ಕ ಹಾಕಿದ್ದರು. ಆ ತಲಾ ಆದಾಯ 62ಕ್ಕಿಂತ ಮೇಲಿತ್ತು. ಗದ್ದೆಯಲ್ಲಿ ಭತ್ತ ಅಷ್ಟೇ ಬೆಳೆದರೂ ದರ ಬಿದ್ದರೆ ಮನುಷ್ಯ ಬಡವನಾಗುತ್ತಾನೆ ಎಂಬುದು ಅಂಕಿಯಲ್ಲೇ ಕಂಡಿತು.

1937ರಲ್ಲಿ ಡಾಕ್ಟರೇಟು ಬಂತು. 1925-29ರ ಲೆಕ್ಕ 1939ರಲ್ಲಿ ಪುಸ್ತಕವಾಯಿತು, 1931-32ರದ್ದು 1940ರಲ್ಲಿ. ಆಮೇಲಿನವರು ಇವರ ಅಂಕಿಯಲ್ಲಿ ಅಲ್ಲಿ ಇಲ್ಲಿ ತಿದ್ದಿದ್ದಾರೆ, ಆದರೆ ದಾರಿ ಇವರದೇ. ಸ್ವಾತಂತ್ರ್ಯ ಬಂದ ಮೇಲೆ ಭಾರತ ಸರಕಾರ 1949ರಲ್ಲಿ ರಾಷ್ಟ್ರೀಯ ಆದಾಯ ಸಮಿತಿ ಮಾಡಿದಾಗ ಅಧ್ಯಕ್ಷರು ಮಹಾಲನೋಬಿಸ್, ಸದಸ್ಯರು ಇಬ್ಬರು: ಪುಣೆಯ ಧನಂಜಯರಾವ್ ಗಾಡಗೀಳ ಮತ್ತು ವಿ.ಕೆ.ಆರ್.ವಿ. ರಾವ್. ವಿದ್ಯಾರ್ಥಿಯಾಗಿ ಒಬ್ಬನೇ ಕೂತು ಮಾಡಿದ ಕೆಲಸಕ್ಕೆ ಸರಕಾರವೇ ಕಚೇರಿ ತೆರೆಯಿತು.

ಗುರುವಿಗೇ ತಿರುಗಿ ನಿಂತದ್ದು

ಊರಿಗೆ ಬಂದ ರಾವ್ 1937ರಿಂದ 42ರವರೆಗೆ ಅಹಮದಾಬಾದಿನ ಒಂದು ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದರು. 1942ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪ್ರೊಫೆಸರು. ನಡುವೆ ವಾಷಿಂಗ್ಟನ್ನಿಗೂ ಹೋಗಿ 1946-47ರಲ್ಲಿ ಆಹಾರ ಸಲಹೆಗಾರರಾಗಿ ಕೂತು ಬಂದರು. ಬಂಗಾಳದ ಬರ ಮುಗಿದು ಮೂರು ವರ್ಷವಾಗಿತ್ತಷ್ಟೆ, ಹಡಗು ಹಡಗು ಧಾನ್ಯ ಬೇಕಾಗಿದ್ದ ಕಾಲ.

1947ರಿಂದ ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪಸಮಿತಿಯ ಅಧ್ಯಕ್ಷಗಿರಿ. ಅಲ್ಲಿ ಅವರು ಒಂದು ಸೂಚನೆ ಇಟ್ಟರು. ಬಡ ದೇಶಗಳಿಗೆ ಕಡಿಮೆ ಬಡ್ಡಿಗೆ, ದೀರ್ಘ ವಾಯಿದೆಗೆ ಹಣ ಕೊಡಲು ವಿಶ್ವಸಂಸ್ಥೆಯೇ ಒಂದು ಸಂಸ್ಥೆ ಮಾಡಬೇಕು ಅಂತ. ಶ್ರೀಮಂತ ದೇಶಗಳು ಒಪ್ಪಲಿಲ್ಲ. ಸಾಲ ಕೊಡುವವ ಸಾಲ ಕೇಳುವವನ ಪಕ್ಕದಲ್ಲಿ ಸಮನಾಗಿ ಕೂರಲು ಒಪ್ಪುತ್ತಾನೆಯೇ? ಸೂಚನೆ ಹೆಸರು ಬದಲಿಸಿಕೊಂಡು ಬಹಳ ವರ್ಷ ಓಡಾಡಿತು. ಒಂದು ಹೆಸರಿನ ಮೊದಲಕ್ಷರ ಕೂಡಿಸಿದರೆ ಇಂಗ್ಲಿಷಿನಲ್ಲಿ ಅನ್‌ಫೆಡ್, ಅಂದರೆ ಹೊಟ್ಟೆಗಿಲ್ಲದವ ಅಂತ ಆಗುತ್ತಿತ್ತು. ಅದಕ್ಕೇ ಹಿಂದೆ ಒಂದು ಸ್ಪೆಷಲ್ ಸೇರಿಸಿದರು ಎಂಬ ತಮಾಷೆ ಅರ್ಥಶಾಸ್ತ್ರಜ್ಞರಲ್ಲಿ ಇಂದಿಗೂ ಉಂಟು. ಕಡೆಗೆ 1960ರಲ್ಲಿ ವಿಶ್ವಬ್ಯಾಂಕಿನ ಕೈಕೆಳಗೆ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ ಅಂತ ಹುಟ್ಟಿತು. ರಾವ್ ಕೇಳಿದ ರೂಪದಲ್ಲಿ ಅಲ್ಲ, ಆದರೆ ಬೀಜ ಅದೇ. ಅದರ ಮೊದಲ ದಶಕಗಳಲ್ಲಿ ಅತಿ ಹೆಚ್ಚು ಸಾಲ ಎತ್ತಿದ್ದು ಭಾರತವೇ.

ಆದರೆ ಯಾಣದ ಬೆಟ್ಟದವರಿಗೂ ಅರ್ಥವಾಗುವ ಅವರ ಕೆಲಸವೆಂದರೆ 1952ರ ಒಂದು ಲೇಖನ. ಗುರು ಕೇನ್ಸ್ ಹೇಳಿದ್ದು ಏನು? ಮುಗ್ಗಟ್ಟು ಬಂದಾಗ ಸರಕಾರ ಸಾಲ ಮಾಡಿಯಾದರೂ ಖರ್ಚು ಮಾಡಬೇಕು. ಒಂದು ರೂಪಾಯಿ ರಸ್ತೆ ಕೂಲಿಗೆ ಕೊಟ್ಟರೆ ಕೂಲಿಯವ ಚಪ್ಪಲಿ ಕೊಳ್ಳುತ್ತಾನೆ, ಚಪ್ಪಲಿಯವ ಬಟ್ಟೆ ಕೊಳ್ಳುತ್ತಾನೆ, ಹೀಗೆ ಒಂದು ರೂಪಾಯಿ ಮೂರು ನಾಲ್ಕು ರೂಪಾಯಿಯ ಆದಾಯ ಹುಟ್ಟಿಸುತ್ತದೆ. ಇದಕ್ಕೆ ಗುಣಕ ಅಂತ ಹೆಸರು. ಪಾಠಪುಸ್ತಕದಲ್ಲಿ ಎಲ್ಲರೂ ಓದಿದ್ದೇ. ದಿಲ್ಲಿಯ ಯೋಜನಾ ಪಂಡಿತರಿಗೂ ಇದು ಬಹಳ ಹಿಡಿಸಿತ್ತು.

ಕೇನ್ಸ್ ಹತ್ತಿರವೇ ಓದಿದ ರಾವ್ ಇದು ನಮ್ಮಲ್ಲಿ ನಡೆಯದು ಅಂತ ಬರೆದರು. ಇಂಗ್ಲೆಂಡಿನಲ್ಲಿ ಕಾರಖಾನೆ ಉಂಟು, ಯಂತ್ರ ಉಂಟು, ಕೆಲಸ ಗೊತ್ತಿರುವ ಆಳೂ ಉಂಟು. ಗಿರಾಕಿ ಇಲ್ಲದೆ ಸುಮ್ಮನೆ ನಿಂತಿವೆ. ರೂಪಾಯಿ ಬಂದರೆ ಚಕ್ರ ತಿರುಗುತ್ತದೆ. ಇಲ್ಲಿ ನಿಂತ ಯಂತ್ರ ಎಲ್ಲಿದೆ? ಇಲ್ಲಿನ ಬಡವ ಕೆಲಸ ಬಿಟ್ಟು ಕೂತವನಲ್ಲ. ಒಂದೇ ತುಂಡು ಗದ್ದೆಯಲ್ಲಿ ಅಣ್ಣತಮ್ಮಂದಿರು ಐದು ಜನ ದುಡಿಯುತ್ತಾರೆ. ಇಬ್ಬರು ಎದ್ದು ಹೋದರೂ ಬೆಳೆ ಅಷ್ಟೇ. ಅವನ ಕೈಗೆ ನಾಲ್ಕು ಕಾಸು ಬಂದರೆ ಮೊದಲು ಹೊಟ್ಟೆ ತುಂಬ ಉಣ್ಣುತ್ತಾನೆ. ಪೇಟೆಗೆ ಕಳಿಸುತ್ತಿದ್ದ ಅಕ್ಕಿ ಮನೆಯಲ್ಲೇ ಉಳಿಯುತ್ತದೆ. ಗದ್ದೆಯಲ್ಲಿ ಬೆಳೆ ಮಳೆಗೆ ಕಾಯುತ್ತದೆ, ರೂಪಾಯಿಗೆ ಕಾಯುವುದಿಲ್ಲ. ಹೀಗಾಗಿ ನೋಟು ಅಚ್ಚು ಹಾಕಿದರೆ ಆದಾಯ ಗುಣಿಸುವುದಿಲ್ಲ, ಅಕ್ಕಿಯ ದರ ಗುಣಿಸುತ್ತದೆ.

ಇದನ್ನು ಯಾರ ಕೈಯಲ್ಲಾದರೂ ಬರೆಯಲು ಆಗುತ್ತಿತ್ತೇ? ಕೇನ್ಸ್ ಪುಸ್ತಕ ಮಾತ್ರ ಓದಿದವನಿಂದ ಆಗುತ್ತಿರಲಿಲ್ಲ. ಹತ್ತು ಹದಿನೈದು ವರ್ಷ ಮೊದಲು ಭತ್ತ, ಹಾಲು, ಕೂಲಿ ಅಂತ ಒಂದೊಂದೇ ಎಣಿಸಿ ಕೂತಿದ್ದವನಿಗೆ ನಮ್ಮ ಮನೆಗಳ ಒಳಗಿನ ಆರ್ಥಿಕತೆ ಗೊತ್ತಿತ್ತು. ಸಂಶೋಧನೆಗೂ ರೊಕ್ಕಕ್ಕಿಂತ ಸೊಕ್ಕೇ ಮೊದಲು ಬೇಕು ಎಂಬುದಕ್ಕೆ ರಾವ್ ಸಾಕ್ಷಿ.

ಕಟ್ಟಿದ ಮನೆಗಳು

ದಿಲ್ಲಿಯಲ್ಲಿ ಅವರು 1949ರಲ್ಲಿ ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದರು. ಕೆ.ಎನ್. ರಾಜ್ ಅಂಥವರನ್ನು ಕರೆತಂದು ಕೂರಿಸಿದರು. ಅಮರ್ತ್ಯ ಸೇನ್ 1963ರಿಂದ 71ರವರೆಗೆ ಪಾಠ ಹೇಳಿದ್ದು ಅಲ್ಲೇ, ಮನಮೋಹನ ಸಿಂಗ್ 1969ರಿಂದ 71ರವರೆಗೆ ಪ್ರೊಫೆಸರ್ ಆಗಿದ್ದೂ ಅಲ್ಲೇ. 1957ರಿಂದ 60ರವರೆಗೆ ರಾವ್ ದಿಲ್ಲಿ ವಿಶ್ವವಿದ್ಯಾಲಯದ ಉಪಕುಲಪತಿ. ಆ ನಡುವೆ 1958ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ಎದ್ದು ನಿಂತಿತು. 1963ರಿಂದ 66ರವರೆಗೆ ಯೋಜನಾ ಆಯೋಗದ ಸದಸ್ಯರು.

1967ರಲ್ಲಿ ಪ್ರೊಫೆಸರ್ ಸಾಹೇಬರು ಚುನಾವಣೆಗೆ ಇಳಿದರು. ಕಾಂಗ್ರೆಸ್ಸಿನಿಂದ ಬಳ್ಳಾರಿಯಲ್ಲಿ ಗೆದ್ದರು. ಅದೇ ಚುನಾವಣೆಯಲ್ಲಿ ನಮ್ಮ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದು ಅದೇ ಸಭೆಗೆ ಹೋದವರು ದಿನಕರ ದೇಸಾಯಿಯವರು. ಇಲ್ಲಿ ಒಂದು ಚಂದದ ಸಂಗತಿಯುಂಟು. ರಾವ್ 1908ರವರು, ದೇಸಾಯಿ 1909ರವರು. ಇಬ್ಬರೂ ಮುಂಬಯಿಯಲ್ಲಿ ಓದಿದವರು. ರಾವ್ ಅವರ ರಾಷ್ಟ್ರೀಯ ಆದಾಯದ ಪುಸ್ತಕ ಬಂದ 1940ರಲ್ಲೇ ದೇಸಾಯಿಯವರ ಒಂದು ಇಂಗ್ಲಿಷ್ ಪುಸ್ತಕವೂ ಬಂತು, ಭಾರತದ ಹಡಗು ಕಾರ್ಮಿಕರ ಸ್ಥಿತಿಗತಿಯ ಬಗ್ಗೆ. ಚೌಪದಿಯ ದಿನಕರ ಅಂತ ಮನೆಮನೆಗೆ ಗೊತ್ತಿರುವವರು ಹಡಗಿನ ಕಲಾಸಿಗಳ ಕೂಲಿಯ ಲೆಕ್ಕವನ್ನೂ ಬರೆದಿದ್ದರು ಎಂಬುದು ಇಂದಿನ ಬಹಳ ಮಂದಿಗೆ ಗೊತ್ತಿಲ್ಲ. 1967ರಲ್ಲಿ ರಾವ್ ಆದದ್ದು ಹಡಗು ಮತ್ತು ಸಾರಿಗೆ ಮಂತ್ರಿ! ಕಲಾಸಿಗಳ ಸಂಘ ಕಟ್ಟಿದವರು ಒಂದು ಬೆಂಚಿನಲ್ಲಿ, ಹಡಗಿನ ಖಾತೆ ಹಿಡಿದವರು ಇನ್ನೊಂದು ಬೆಂಚಿನಲ್ಲಿ. ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟಿನಿಂದ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ತೆರೆದು ಆಗ ಒಂದು ವರ್ಷ ಆಗಿತ್ತಷ್ಟೆ.

1969ರಲ್ಲಿ ರಾವ್ ಅವರಿಗೆ ಶಿಕ್ಷಣ ಖಾತೆ ಬಂತು. ಆ ವರ್ಷದ ಸೆಪ್ಟೆಂಬರ್ 24ರಂದು ಅವರು 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಶುರು ಮಾಡಿದರು. ಹೌದು ಮಾರಾಯ್ರೆ, ಅದೇ ಎನ್ನೆಸ್ಸೆಸ್ಸು. ನಮ್ಮ ಕಾಲೇಜು ಮಕ್ಕಳು ಹಳ್ಳಿ ಶಾಲೆಯಲ್ಲಿ ವಾರಗಟ್ಟಲೆ ಬಿಡಾರ ಹೂಡಿ ಚರಂಡಿ ತೆಗೆಯುವ, ಸಂಜೆ ನಾಟಕ ಆಡುವ, ಮನೆ ಮನೆಗೆ ಹೋಗಿ ಎಷ್ಟು ಜನ, ಎಷ್ಟು ದನ ಅಂತ ಬರೆದುಕೊಳ್ಳುವ ಶಿಬಿರ. ಆ ಮನೆಗಣತಿಯ ಕಾಗದಗಳು ಆಮೇಲೆ ಎಲ್ಲಿಗೆ ಹೋಗುತ್ತವೆ ಎಂಬುದು ಬೇರೆ ಮಾತು. ಬಹಳಷ್ಟು ಕಪಾಟಿಗೆ, ಅಲ್ಲಿಂದ ಗೆದ್ದಲಿಗೆ. ಅವನ್ನು ಒಟ್ಟು ಹಾಕಿ ಯಾರಾದರೂ ಒಂದು ಪ್ರಬಂಧ ಬರೆದರೆ ಈ ಮಂತ್ರಿಯ ಎರಡು ಜೀವನಗಳೂ ಒಂದೇ ಕಡೆ ಕೂಡಿದಂತೆ ಆದೀತು.

ಮಂತ್ರಿಗಿರಿ 1971ಕ್ಕೆ ಮುಗಿಯಿತು. ಬಳ್ಳಾರಿಯವರು ಆ ವರ್ಷ ಮತ್ತೆ ಗೆಲ್ಲಿಸಿದರು. ಮಂತ್ರಿಯಾಗಿ ಅವರು ದೊಡ್ಡ ಛಾಪು ಒತ್ತಿದರು ಅಂತ ಹೇಳಲಾಗದು, ನಾಲ್ಕು ವರ್ಷದಲ್ಲಿ ಎರಡು ಖಾತೆ ಅಷ್ಟೇ. ರಾವ್ ಅವರ ನಿಜವಾದ ಕಸುಬು ಮನೆ ಕಟ್ಟಿ, ಅದರಲ್ಲಿ ಎಣಿಸುವವರನ್ನು ಕೂರಿಸುವುದು. 1972ರಲ್ಲಿ ಬೆಂಗಳೂರಿನಲ್ಲಿ ಮೂರನೆಯ ಮನೆ ಕಟ್ಟಿದರು: ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ. ಜನರ ಬಾಯಲ್ಲಿ ಐಸೆಕ್. ನಾಗರಭಾವಿಯಲ್ಲಿ ಇದೆ. ದಿಲ್ಲಿಗೆ ಹೋಗಲಾಗದ ಕನ್ನಡನಾಡಿನ ಹುಡುಗರಿಗೆ ಸಂಶೋಧನೆಯ ಬಾಗಿಲು ಹತ್ತಿರವಾಯಿತು. 1974ರಲ್ಲಿ ಪದ್ಮವಿಭೂಷಣ ಬಂತು. ಯುವ ಸಂಶೋಧಕರಿಗೆ ಅವರ ಹೆಸರಿನ ಪ್ರಶಸ್ತಿ, ವಿದ್ವಾಂಸರಿಗೆ ಅವರ ಹೆಸರಿನ ಸ್ಮಾರಕ ಉಪನ್ಯಾಸ, ಎರಡಕ್ಕೂ ಈ ಸಂಸ್ಥೆಯ ನಂಟು.

ಎಣಿಸದೆ ಬಿಟ್ಟದ್ದು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮನೆಯಲ್ಲಿ ಉಂಡ ಅಕ್ಕಿಗೆ ಲೆಕ್ಕದಲ್ಲಿ ಜಾಗ ಸಿಕ್ಕಿತು. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಒಟ್ಟು ಬೆಳೆಗೆ ದರ ಕಟ್ಟುತ್ತಾರೆ, ಮಾರಿದ್ದಕ್ಕೆ ಮಾತ್ರವಲ್ಲ. ಆದರೆ ಅನ್ನ ಬೇಯಿಸಿದ, ಮಗು ಸಾಕಿದ, ಅತ್ತೆಯ ಕಾಲೊತ್ತಿದ ಹೆಂಗಸಿನ ದುಡಿಮೆಗೆ ಅಂದೂ ಜಾಗ ಇರಲಿಲ್ಲ, ಇಂದೂ ಇಲ್ಲ. ಇದು ರಾವ್ ಒಬ್ಬರ ತಪ್ಪಲ್ಲ, ಜಗತ್ತಿನ ಎಲ್ಲ ದೇಶಗಳ ಲೆಕ್ಕದ ಪದ್ಧತಿಯೇ ಹಾಗೆ. ದಿನದ ಇಪ್ಪತ್ನಾಲ್ಕು ತಾಸು ಯಾರು ಯಾವುದಕ್ಕೆ ಕಳೆಯುತ್ತಾರೆ ಅಂತ ಭಾರತ ಸರಕಾರ ದೇಶವ್ಯಾಪಿ ಸಮೀಕ್ಷೆ ಮಾಡಿದ್ದೇ 2019ರಲ್ಲಿ, ಮತ್ತೊಮ್ಮೆ 2024ರಲ್ಲಿ.

ಬೆಟ್ಟದ ದರಕಿನದೂ ಅದೇ ಪಾಡು. ಕುಮಟೆಯ ಕಡೆ ಅಘನಾಶಿನಿ ಅಳಿವೆಗೆ ಇಳಿದರೆ ಇನ್ನೊಂದು ಬಗೆ. ಇಳಿತ ಬಂದಾಗ ಹೆಂಗಸರು ಮಕ್ಕಳು ಕೆಸರಿಗಿಳಿದು ಬಳಚು ಆರಿಸುತ್ತಾರೆ. ಗಜನಿಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ, ಅದೇ ಗಜನಿಯಲ್ಲಿ ಆಮೇಲೆ ಸಿಗಡಿ, ಮೀನು. ಈ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿದಾಗ 6,000ದಿಂದ 7,500 ಕುಟುಂಬಗಳು ಇದನ್ನೇ ನಂಬಿವೆ ಎಂಬ ಅಂಕಿ ಹೊರಬಂತು. ಅದಕ್ಕೂ ಮೊದಲು ತದಡಿಯಲ್ಲಿ ವಿದ್ಯುತ್ ಸ್ಥಾವರ, ಬಂದರು ಅಂತ ಒಂದಾದ ಮೇಲೊಂದು ಯೋಜನೆ ಬಂದಾಗ ಕಾಗದದ ಮೇಲೆ ಸ್ಥಾವರದ ಆದಾಯ ಕೋಟಿಗಳಲ್ಲಿ ಇರುತ್ತಿತ್ತು. ಬಳಚಿನ ಬುಟ್ಟಿಗೆ ಕಾಗದದಲ್ಲಿ ಸೊನ್ನೆ. ಸೊನ್ನೆಯ ಎದುರಿಗೆ ಕೋಟಿ ಇಟ್ಟರೆ ಯಾರು ಗೆಲ್ಲುತ್ತಾರೆ ಅಂತ ಹೇಳಬೇಕೇ? ಜನ ಬೀದಿಗೆ ಇಳಿದದ್ದರಿಂದ, ಆಮೇಲೆ ಕೆಲವು ಸಂಶೋಧಕರು ಕೆಸರಿಗೂ ಇಳಿದು ಎಣಿಸಿದ್ದರಿಂದ ಆ ಸೊನ್ನೆ ಅಳಿಯಿತು. ಬುಟ್ಟಿಗೆ ಎಷ್ಟು ಬಳಚು, ತಿಂಗಳಿಗೆ ಎಷ್ಟು ದಿನ, ಎಷ್ಟು ಮನೆ ಅಂತ ಕೇಳುವುದು ರಾವ್ 1930ರ ದಶಕದಲ್ಲಿ ಹಿಡಿದ ದಾರಿಯೇ.

ಯಾಣದ ಉಪ್ಪಾಗೆಗೆ, ಜೇನಿಗೆ, ದರಕಿಗೆ ಹೀಗೆ ಪೂರ್ತಿ ಒಂದು ವರ್ಷ ಮನೆ ಮನೆ ತಿರುಗಿ ಲೆಕ್ಕ ಇಡುವ ಕೆಲಸ ಒಬ್ಬ ಎಂ.ಎ. ವಿದ್ಯಾರ್ಥಿಯಿಂದ ಆಗದ್ದೇನಲ್ಲ. ರಾವ್ ಅವರ ಕೈಯಲ್ಲಿ ಗಣಕಯಂತ್ರ ಇರಲಿಲ್ಲ, ಮೊಬೈಲ್ ಇರಲಿಲ್ಲ. ಕುಮಟೆಯ ಹುಡುಗಿಯ ಕೈಯಲ್ಲಿ ಎರಡೂ ಇವೆ, ಯಾಣಕ್ಕೆ ಬಸ್ಸೂ ಉಂಟು.

1991ರ ಜುಲೈ 24ರಂದು ದಿಲ್ಲಿಯಲ್ಲಿ ಹಣಕಾಸು ಮಂತ್ರಿ ಮನಮೋಹನ ಸಿಂಗ್ ಎದ್ದು ನಿಂತು ದೇಶದ ಆರ್ಥಿಕ ದಾರಿ ತಿರುಗಿಸಿದ ಆ ಬಜೆಟ್ ಓದಿದರು. ಕೇಂಬ್ರಿಜ್‌ನಲ್ಲಿ ಪ್ರಬಂಧದ ಬಹುಮಾನ ಗೆದ್ದ ಹುಡುಗ, ರಾವ್ ಕಟ್ಟಿದ ಸ್ಕೂಲಿನಲ್ಲಿ ಪಾಠ ಹೇಳಿದ ಪ್ರೊಫೆಸರ್. ಮಾರನೇ ದಿನ, ಜುಲೈ 25ರಂದು, ವಿ.ಕೆ.ಆರ್.ವಿ. ರಾವ್ ತೀರಿಕೊಂಡರು. ಎಂಬತ್ತಮೂರು ತುಂಬಿ ಹದಿನೇಳು ದಿನ ಆಗಿತ್ತು.